ಬಿಚ್ಚಿದ್ದು ಯಾರು, ಬಿಚ್ಚಿಸಿದ್ದು ಯಾರು?

ಮೊನ್ನೆ ಭಾನುವಾರ ಬೆಳಗ್ಗೆ ನಮ್ಮ ಗಂಗಾನಗರದ ದರ್ಶಿನಿಯೊಂದರ ಮುಂದೆ ನಿಂತು ಕಾಫಿ ಕುಡೀತಿದ್ವಿ. ನಾವು ಅಂದ್ರೆ ವಾರಕ್ಕೊಮ್ಮೆ ಸೇರುವ ಮೂರು ಜನ ಗೆಳೆಯರು. ಒಬ್ಬ ಆಗಷ್ಟೇ ಯುರೋಪ್ ಟೂರ್ ಮುಗಿಸಿ ಬಂದಿದ್ದ. ಫ್ರಾನ್ಸಿನ ಯಾವುದೋ ಕಡಲತೀರದಲ್ಲಿ ಅಜ್ಜ ಅಜ್ಜಿಯರೆಲ್ಲ ಮೈಮೇಲೆ ನೂಲೆಳೆ ಇಲ್ಲದೆ ಓಡಾಡ್ತಿದ್ದುದನ್ನ ದೂರದಿಂದ ನೋಡಿದನಂತೆ. "ಅದಕ್ಕೂ ಸಂಘ, ಮೆಂಬರ್‌ಶಿಪ್ ಕಾರ್ಡು ಎಲ್ಲಾ ಇದೆ ಕಣೋ! ಬಿಳಿಯರಿಗೆ ದುಡ್ಡು ಜಾಸ್ತಿಯಾದ್ರೆ ಹಿಂಗೇ" ಅಂತ ನಕ್ಕ. ಇನ್ನೊಬ್ಬನಿಗೆ ಅಭಿಮಾನ ಉಕ್ಕಿತು. "ಅವರೇನೋ ನಮಗೆ ಹೇಳ್ಕೊಡೋದು? ನಮ್ಮ ಗೊಮ್ಮಟ ಸಾವಿರ ವರ್ಷದಿಂದ ನಿಂತಿಲ್ವಾ?" ಅಂದ.

ನನ್ನ ಪ್ರಕಾರ ಇಬ್ಬರದ್ದೂ ತಪ್ಪು. ಅಲ್ಲಿ ಹೇಳೋಕೆ ಬಿಡಲಿಲ್ಲ, ಇಲ್ಲಿ ಬರೀತಿದೀನಿ :-)

ಮೊದಲು ನಗುವವನಿಗೆ. ಬೆತ್ತಲಾಗೋದಕ್ಕೆ ಸಂಘ ಕಟ್ಟಿದವರಲ್ಲಿ ಮೊದಲಿಗರು ಸಿಗೋದು ನಮ್ಮ ಪಕ್ಕದ ಮಹಾರಾಷ್ಟ್ರದಲ್ಲಿ! ೧೮೯೧ರಲ್ಲಿ ಥಾಣೆಯಲ್ಲಿ ಬ್ರಿಟಿಷ್ ಜಡ್ಜ್ ಚಾರ್ಲ್ಸ್ ಕ್ರಾಫರ್ಡ್ 'ಫೆಲೋಶಿಪ್ ಆಫ್ ದಿ ನೇಕೆಡ್ ಟ್ರಸ್ಟ್' ಅಂತ ಶುರು ಮಾಡಿದ. ಸದಸ್ಯರು ಮೂರೇ ಜನ. ಅದು ಬೇಗ ನಿಂತೂ ಹೋಯಿತು. ಜರ್ಮನಿಯಲ್ಲಿ, ಫ್ರಾನ್ಸಿನಲ್ಲಿ ಇದು ಚಳವಳಿಯಾಗಿದ್ದು ಆಮೇಲೆ. ೧೯೫೩ರಲ್ಲಿ ಫ್ರಾನ್ಸಿನ ಮೊಂಟಾಲಿವೆ ಎಂಬಲ್ಲಿ ಎಲ್ಲರೂ ಸೇರಿ ಅಂತರರಾಷ್ಟ್ರೀಯ ನ್ಯಾಚುರಿಸ್ಟ್ ಒಕ್ಕೂಟ ಕಟ್ಟಿದರು.

ಇದರ ವ್ಯವಸ್ಥೆ ನಮ್ಮ ಹಾಲಿನ ಸೊಸೈಟಿ ಥರಾನೇ ಇದೆ. ತಳದಲ್ಲಿ ಊರೂರಿನ ಕ್ಲಬ್ಬು, ಅದರ ಮೇಲೆ ದೇಶದ ಒಕ್ಕೂಟ, ಎಲ್ಲಕ್ಕೂ ಮೇಲೆ ಅಂತರರಾಷ್ಟ್ರೀಯ ಒಕ್ಕೂಟ. ಕ್ಲಬ್ಬಿಗೆ ಸೇರಿದವನಿಗೆ ಅವನ ದೇಶದ ಒಕ್ಕೂಟ ಕಾರ್ಡು ಕೊಡುತ್ತೆ, ಆ ಕಾರ್ಡಿಗೆ ಬೇರೆ ದೇಶದಲ್ಲೂ ಮನ್ನಣೆ. ಎರಡು ವರ್ಷಕ್ಕೊಮ್ಮೆ ಮಹಾಸಭೆ, ಅಲ್ಲಿ ಚರ್ಚೆ, ಓಟು. ೧೯೭೪ರಲ್ಲಿ ಇವರು ಒಪ್ಪಿಕೊಂಡ ವ್ಯಾಖ್ಯೆಯಲ್ಲಿ ಒಟ್ಟಿಗೆ ಬೆತ್ತಲಿರೋದರ ಉದ್ದೇಶ ಅಂತ ಹೇಳಿರೋದು ಮೂರು: ತನ್ನ ಬಗ್ಗೆ ಗೌರವ, ಇತರರ ಬಗ್ಗೆ ಗೌರವ, ಪರಿಸರದ ಬಗ್ಗೆ ಗೌರವ.

ಇವರೇನು ದೇವಮಾನವರಲ್ಲ. ಎಷ್ಟೋ ಕ್ಲಬ್ಬುಗಳು ಒಂಟಿ ಗಂಡಸರನ್ನ ಬಾಗಿಲಲ್ಲೇ ವಾಪಸ್ ಕಳಿಸಿದ್ದುಂಟು. ೧೯೩೩ರಲ್ಲಿ ನಾಜಿಗಳು ಜರ್ಮನಿಯಲ್ಲಿ ಈ ಚಳವಳಿಯನ್ನ ಮೊದಲು ಹತ್ತಿಕ್ಕಿ, ಆಮೇಲೆ ತಮ್ಮ ಮಾತು ಕೇಳುವಂಥ ಸಂಘ ಮಾಡಿಕೊಂಡರು. ಸಂಘ ಇದ್ದ ಮಾತ್ರಕ್ಕೆ ಎಲ್ಲಾ ಸರಿ ಅಂತೇನಿಲ್ಲ. ಆದರೂ ಆ ಕಾರ್ಡು ನೋಡಿ ನನಗೆ ನಗು ಬರಲ್ಲ. ಅದರ ಅರ್ಥ ಇಷ್ಟೇ: ನಾನಾಗಿ ಬಂದೆ, ಬೇಡ ಅನ್ನಿಸಿದ ದಿನ ನಾನಾಗಿ ಹೋಗ್ತೀನಿ.

ಇನ್ನು ಗೊಮ್ಮಟನ ಅಭಿಮಾನಿಗೆ. ೯೮೧ರಿಂದ ಶ್ರವಣಬೆಳಗೊಳದಲ್ಲಿ ನಿಂತಿರೋ ಬಾಹುಬಲಿ, ಗೆದ್ದ ರಾಜ್ಯವನ್ನೇ ಬಿಟ್ಟವನು. ಅವನ ಬಳಿ ಬಿಡೋಕೆ ರಾಜ್ಯ ಇತ್ತು, ಬಿಟ್ಟ. ಸರಿ. ಆದರೆ "ನಮ್ಮ ಸಂಸ್ಕೃತಿ" ಅಂತ ಎದೆ ತಟ್ಟಿಕೊಳ್ಳುವವರು ಬೆಳಗೊಳಕ್ಕೇ ಬಸ್ಸು ನಿಲ್ಲಿಸಿಬಿಡ್ತಾರೆ. ಇನ್ನೂ ಮುಂದಕ್ಕೆ, ಸೊರಬ ತಾಲೂಕಿನ ಚಂದ್ರಗುತ್ತಿಗೂ ಹೋಗಬೇಕಲ್ವಾ ಸ್ವಾಮಿ?

ಅಲ್ಲಿ ರೇಣುಕಾಂಬೆಗೆ ಬೆತ್ತಲೆ ಸೇವೆ ನಡೀತಿತ್ತು. ವರದಾ ನದಿಯಲ್ಲಿ ಮಿಂದು, ಬೇವಿನ ಸೊಪ್ಪು ಹಿಡಿದು, ಬೆಟ್ಟದ ಗುಡಿವರೆಗೆ ಬೆತ್ತಲೆ ನಡಿಗೆ. ನಡೆಯುತ್ತಿದ್ದವರಲ್ಲಿ ಹೆಚ್ಚಿನವರು ದಲಿತರು, ಹಿಂದುಳಿದ ಜಾತಿಯ ಬಡವರು, ಅದರಲ್ಲೂ ಹೆಂಗಸರು. ದಾರಿಯುದ್ದಕ್ಕೂ ನೋಡೋಕೆ ಜನ, ಫೋಟೋ ಹೊಡೆಯೋಕೆ ಜನ. ೧೯೮೬ರ ಮಾರ್ಚ್‌ನಲ್ಲಿ ದಲಿತ ಸಂಘರ್ಷ ಸಮಿತಿಯವರು, ಪೊಲೀಸರು ತಡೆಯೋಕೆ ಹೋದಾಗ ಗುಂಪು ತಿರುಗಿಬಿತ್ತು. ಪೊಲೀಸರ, ಕಾರ್ಯಕರ್ತರ ಬಟ್ಟೆಯನ್ನೇ ಕಿತ್ತು ಬೆತ್ತಲೆ ಮೆರವಣಿಗೆ ಮಾಡಿದರು, ಮಹಿಳಾ ಪೊಲೀಸರನ್ನೂ ಬಿಡಲಿಲ್ಲ. ಆಮೇಲೆ ಸರ್ಕಾರ ಬೆತ್ತಲೆ ಸೇವೆ ನಿಷೇಧಿಸಿತು.

"ಅವರೂ ಭಕ್ತಿಯಿಂದ ತಾವಾಗೇ ಬಂದವರಲ್ವಾ?" ಅಂತ ಕೇಳಬಹುದು. ಹರಕೆ ತೀರಿಸದಿದ್ರೆ ಮಗು ಉಳಿಯಲ್ಲ, ಅಮ್ಮ ಮುನಿತಾಳೆ ಅಂತ ಹುಟ್ಟಿದಾಗಿನಿಂದ ಹೆದರಿಸಿ ಬೆಳೆಸಿದ ಮೇಲೆ "ಒಲ್ಲೆ" ಅನ್ನೋಕೆ ಬಾಯಿ ಎಲ್ಲಿರುತ್ತೆ? ಒಲ್ಲೆ ಅನ್ನೋಕೆ ಆಗದವರ "ಹೂಂ"ಗೆ ಬೆಲೆ ಇಲ್ಲ. ಪರಂಪರೆ ಅನ್ನೋದಾದ್ರೆ ಊರ ಗೌಡರ, ಶಾನುಭೋಗರ ಮನೆ ಹೆಣ್ಣುಮಕ್ಕಳು ಆ ಸಾಲಿನಲ್ಲಿ ಎಷ್ಟು ಜನ ಇದ್ದರು? ಅದನ್ನ ಯಾರೂ ಕೇಳಲ್ಲ.

ನನಗ್ಯಾಕೆ ಇಷ್ಟು ಸಿಟ್ಟು ಅಂತೀರಾ? ಹದಿನೇಳನೇ ವಯಸ್ಸಿಗೆ ಒಂದು ಹಾಸ್ಟೆಲ್ ಸೇರಿದೆ, ಹೆಸರು ಬೇಡ. ಎರಡನೇ ರಾತ್ರಿ ಸೀನಿಯರ್‌ಗಳು ನಮ್ಮ ಆರು ಜನರನ್ನ ಗೋಡೆಗೆ ನಿಲ್ಲಿಸಿ ಎಲ್ಲಾ ಬಿಚ್ಚಿಸಿದರು. ಅವರೂ ಅಂದದ್ದು ಇದನ್ನೇ: "ಇದು ಇಲ್ಲಿನ ಪರಂಪರೆ ಕಣೋ, ನಾವೂ ಮಾಡಿದ್ವಿ." ಬೆಳಗ್ಗೆ ಅಂಗಿ ಹಾಕ್ಕೊಂಡು ತಿಂಡಿಗೆ ಹೋದೆ. ಇಷ್ಟು ವರ್ಷವಾದರೂ ಈಜುಕೊಳಕ್ಕೆ ಇಳಿಯೋಕೆ ನನಗೆ ಮನಸ್ಸು ಬರಲ್ಲ.

ಆ ಫ್ರಾನ್ಸಿನ ಅಜ್ಜನಿಗೆ ಬಿಸಿಲು ಹಿತವಾಗಿರುತ್ತೆ. ನನ್ನ ಆ ರಾತ್ರಿಯಲ್ಲಿ ಮೈಯೆಲ್ಲ ನಡುಕ ಇತ್ತು. ಇಬ್ಬರೂ ಬೆತ್ತಲೆಯೇ. ಹಾಗಾಗಿ ದಯವಿಟ್ಟು "ಬೆತ್ತಲೆ ಸರಿಯೋ ತಪ್ಪೋ" ಅಂತ ನನ್ನ ಕೇಳಬೇಡಿ. ಬಿಚ್ಚಿದ್ದು ಯಾರು, ಬಿಚ್ಚಿಸಿದ್ದು ಯಾರು, ಬೇಡ ಅಂದಿದ್ರೆ ಏನಾಗ್ತಿತ್ತು ಅಂತ ಕೇಳಿ. ಮುಂದಿನ ಭಾನುವಾರ ಗೆಳೆಯರಿಗೂ ಇದನ್ನೇ ಹೇಳ್ತೀನಿ, ಕಾಫಿ ನನ್ನ ಲೆಕ್ಕದಲ್ಲೇ ಆಗಲಿ.