ಲಕ್ವ ಹೊಡೆದ ಮನೆಗೆ ಹಣ್ಣು ಬೇಡ, ಮುಯ್ಯಾಳು ಬನ್ನಿ

ಇವತ್ತು ಕಾಫಿ, ಮೆಣಸಿನ ವಿಷಯ ಅಲ್ಲ.

ನಮ್ಮ ಕಡೆ ಯಾರಿಗಾದ್ರೂ ಲಕ್ವ ಹೊಡೆದ್ರೆ ಮೊದಲ ವಾರ ಮನೆ ತುಂಬ ಜನ. ಕಿತ್ತಳೆ, ಬ್ರೆಡ್ಡು, ಹಾರ್ಲಿಕ್ಸ್ ರಾಶಿ. ತಿಂಗಳು ಕಳೆದ ಮೇಲೆ ಅಂಗಳಕ್ಕೆ ಕಾಲಿಡೋರಿಲ್ಲ. ನಿಜವಾದ ಕೆಲಸ ಶುರುವಾಗೋದೇ ಆಗ. ನಮ್ಮ ಮನೆಯವಳಿಗೆ ಬಲಗೈ, ಬಲಗಾಲು, ಮಾತು ಬಿದ್ದು ಹತ್ತು ತಿಂಗಳಾಯ್ತು. ಅದಕ್ಕೇ ಬರೀತಿದ್ದೀನಿ.

ಮೊದಲು ಹೊತ್ತಿನ ಲೆಕ್ಕ. ಮೆದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ರೆ ಅದನ್ನ ಕರಗಿಸೋ ಇಂಜೆಕ್ಷನ್ ನಾಲ್ಕೂವರೆ ಗಂಟೆ ಒಳಗೆ ಬೀಳಬೇಕು. ಅದಕ್ಕೂ ಮೊದಲು ಸಿ.ಟಿ. ಸ್ಕ್ಯಾನ್ ಆಗಬೇಕು. ಸಕಲೇಶಪುರದಿಂದ ಹಾಸನಕ್ಕೇ ಸುಮಾರು 40 ಕಿ.ಮೀ., ತೋಟದ ರಸ್ತೆ ಬೇರೆ. ಬಾಯಿ ಸೊಟ್ಟಗಾಯ್ತು, ಕೈ ಸೋತಿತು, ಮಾತು ತೊದಲಿತು ಅಂದ ಕೂಡಲೇ 108ಕ್ಕೆ ಫೋನ್ ಮಾಡಿ. ಬಾಯಿಗೆ ನೀರು ಬಿಡಬೇಡಿ. ಪಾರಿವಾಳದ ರಕ್ತ, ನಾಟಿ ಎಣ್ಣೆ ಅಂತ ತಿರುಗಿದ್ರೆ ಆ ಹೊತ್ತು ವಾಪಸ್ ಬರಲ್ಲ.

ಮನೆಗೆ ಬಂದ ಮೇಲೆ ಚೇತರಿಕೆ ಜಾಸ್ತಿ ಕಾಣೋದು ಮೊದಲ ಮೂರರಿಂದ ಆರು ತಿಂಗಳು. ಆಮೇಲೂ ನಿಲ್ಲಲ್ಲ, ನಿಧಾನ ಆಗುತ್ತೆ. ಫಿಸಿಯೋ ಹೇಳಿಕೊಟ್ಟಿದ್ದನ್ನ ದಿನಾ ಮಾಡಿಸಬೇಕು. ಸೋತ ಕೈ ಹಿಡಿದು ಎಳೆದು ಎಬ್ಬಿಸಬಾರದು, ಭುಜದ ಕೀಲು ಜಾರುತ್ತೆ. "ಹುಷಾರಾದ್ರಲ್ಲ" ಅಂತ ಬಿ.ಪಿ. ಮಾತ್ರೆ ನಿಲ್ಲಿಸಬಾರದು, ಇನ್ನೊಂದ್ ಸಲ ಹೊಡೆಯಬಹುದು.

ಮಾತು ಬಿದ್ದವರಿಗೆ ಬುದ್ಧಿ ಹೋಗಿರಲ್ಲ. ಅವಳು ಎದುರಿಗೇ ಕೂತಿದ್ರೂ "ಅಕ್ಕಂಗೆ ಕಾಫಿ ಕೊಡಬಹುದಾ?" ಅಂತ ನನ್ನ ಕೇಳ್ತಾರೆ. ಅವಳನ್ನೇ ಕೇಳಿ ಸ್ವಾಮಿ, ಉತ್ತರ ಬರೋವರೆಗೂ ಕಾಯಿರಿ. ಎಡಗೈಲಿ ಅವರೆಕಾಯಿ ಸುಲೀತಾಳೆ, ಒಂದು ಸೇರಿಗೆ ಗಂಟೆ ಹಿಡಿಯುತ್ತೆ. ನಾನು ಮಾಡಿದ್ರೆ ಕಾಲು ಗಂಟೆ. ಆದ್ರೆ ಆ ಕೆಲಸ ಅವಳದ್ದು, ಕಿತ್ತುಕೊಳ್ಳಬಾರದು.

ಇನ್ನು ನೋಡಿಕೊಳ್ಳೋರ ಪಾಡು. "ಪುಣ್ಯದ ಕೆಲಸ" ಅಂತಾರೆ. ಪುಣ್ಯದಿಂದ ನಿದ್ದೆ ಬರಲ್ಲ. ರಾತ್ರಿ ಮೂರು ಸಲ ಎದ್ದು, ಬೆಳಿಗ್ಗೆ ಕುಯ್ಲಿಗೆ ಆಳು ಹುಡುಕಬೇಕು. ಅಷ್ಟರಲ್ಲಿ ಆನೆ ಬಂತು ಅಂತ ಮೆಸೇಜು. ನಮ್ಮ ಬಿ.ಪಿ. ನೋಡೋರು ಯಾರು? ಇವರೂ ಮಲಗಿದ್ರೆ ಮನೆಗೆ ಎರಡು ಮಂಚ. ಲಕ್ವ ಆದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತೆ, ನೋಡಿಕೊಳ್ಳೋರಿಗೂ ಬರುತ್ತೆ. ಸರ್ಕಾರದ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದ್ರೆ ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ಗಂಡಸರಿಗೆ ಇದರಲ್ಲಿ ನಾಚಿಕೆ ಬೇಡ.

"ಮಕ್ಕಳು ನೋಡ್ಕೊಳ್ಳಲಿ, ನರ್ಸ್ ಇಡಿ" ಅನ್ನೋರಿದ್ದಾರೆ. ಮಕ್ಕಳು ಬೆಂಗಳೂರಲ್ಲಿ. ಎರಡೆಕರೆ ಹುಟ್ಟುವಳಿಯಲ್ಲಿ ನರ್ಸಿಗೆ ತಿಂಗಳ ಸಂಬಳ ಕೊಡೋದು ಹೇಗೆ?

ನಾಟಿಗೆ ಮುಯ್ಯಾಳು ಹೋದವರು ನಾವು. ಅದೇ ಲೆಕ್ಕ ಮನೆ ಒಳಗೂ ಬರಲಿ. ವಾರಕ್ಕೆ ಎರಡು ಗಂಟೆ ಒಬ್ಬರು ಬಂದು ಅವರ ಜೊತೆ ಕೂತ್ಕೊಳ್ಳಿ. ನೋಡಿಕೊಳ್ಳೋರು ತೋಟಕ್ಕಾದ್ರೂ ಹೋಗಲಿ, ನಿದ್ದೆಯಾದ್ರೂ ಮಾಡಲಿ. ನಿಮ್ಮ ಅಕ್ಕಪಕ್ಕ ಇಂಥ ಮನೆ ಇದ್ರೆ ಈ ಭಾನುವಾರವೇ ಶುರು ಮಾಡಿ. ಮುಯ್ಯಿ ಯಾರೂ ಉಳಿಸ್ಕೊಳ್ಳಲ್ಲ, ಕುಯ್ಲಿಗೋ ಕಣಕ್ಕೋ ಬಂದು ತೀರಿಸ್ತೀವಿ.