ಬುಟ್ಟಿಗೆ ಚಿತ್ತಾರ ಬರೆದ ಹುಡುಗಿಗೆ ಕಾಲೇಜು ಯಾವುದು?

ಕಳೆದ ಮೇ ತಿಂಗಳ ಮಾತು. ಶಿಕಾರಿಪುರದ ನಮ್ಮ ಮನೆಯ ತಾರಸಿಯ ಮೇಲೆ ಹಲಸಿನಕಾಯಿ ಹಪ್ಪಳ ಹರಡಿ, ಕಾಗೆ ಬಾರದಂತೆ ಕಾಯುತ್ತ ಕುಳಿತಿದ್ದೆ. ಕೆಳಗಿನಿಂದ "ಇದ್ದೀಯೇನೇ?" ಎಂದು ಕೂಗು ಕೇಳಿತು. ಸೊರಬದ ಗೆಳತಿ! ಮಗಳನ್ನೂ ಕರೆದುಕೊಂಡು ಬೆಳಗಿನ ಬಸ್ಸಿಗೇ ಹೊರಟು, ಶಿರಾಳಕೊಪ್ಪದ ಮೇಲೆ ಬಂದಿದ್ದಳು. ಬೆಲ್ಲ, ನೀರು ಕೊಟ್ಟು ಕೂರಿಸಿದೆ. ಅವಳ ಮುಖ ನೋಡಿದರೆ ಸುಮ್ಮನೆ ಬಂದವಳಲ್ಲ ಎಂದು ತಿಳಿಯುತ್ತಿತ್ತು.

"ನೋಡೇ, ಇವಳ ಪಿಯುಸಿ ಮುಗೀತು. ಬಿ.ಕಾಂ. ಮಾಡು ಅಂದ್ರೆ ಬೇಡವಂತೆ. ಡಿಸೈನ್ ಕಾಲೇಜಿಗೇ ಹೋಗ್ತೀನಿ ಅಂತ ಹಠ ಹಿಡಿದು ಕೂತಿದ್ದಾಳೆ" ಎಂದು ಶುರು ಮಾಡಿದಳು. ಹುಡುಗಿ ಚೀಲದಿಂದ ಒಂದು ಮಿರಮಿರನೆ ಮಿಂಚುವ ಪುಸ್ತಕ ತೆಗೆದಳು. ದೊಡ್ಡ ಊರಿನ ಒಂದು ಚಿಕ್ಕ ಖಾಸಗಿ ಕಾಲೇಜಿನದು. ಬಟ್ಟೆಯ ವಿನ್ಯಾಸ, ಜಾಹೀರಾತು, ಅನಿಮೇಷನ್, ವಿಡಿಯೋ ಸಂಕಲನ ಎಲ್ಲ ಕಲಿಸುತ್ತಾರಂತೆ. ಕೊನೆಯ ಪುಟದಲ್ಲಿ ದಪ್ಪ ಅಕ್ಷರದಲ್ಲಿ "ನೂರಕ್ಕೆ ನೂರು ಕೆಲಸ ಖಚಿತ" ಎಂದಿತ್ತು.

ಗೆಳತಿ ಸೆರಗಿನ ಗಂಟು ಬಿಚ್ಚಿದಳು. ಎರಡು ಬಳೆ. "ಇವನ್ನ ಅಡವಿಟ್ಟರೆ ಮೊದಲ ಕಂತು ಆಗತ್ತೆ. ಎರಡು ದಿನದಲ್ಲಿ ಕಟ್ಟದಿದ್ರೆ ಸೀಟು ಹೋಗತ್ತಂತೆ. ಏನು ಮಾಡ್ಲಿ ಹೇಳು."

ಸೋದರಿಯರೇ, ಆ ಬಳೆ ನೋಡಿ ನನ್ನ ಎದೆ ಧಸಕ್ಕೆಂದಿತು. ಯಾಕೆಂದರೆ ನನ್ನ ಹತ್ತಿರದ ನೆಂಟರ ಮನೆಯಲ್ಲಿ ಹೀಗೇ ಆಗಿತ್ತು. ಆ ವರ್ಷದ ಅಡಿಕೆ ದುಡ್ಡೆಲ್ಲ ಕಟ್ಟಿ ಹುಡುಗನನ್ನು ಇಂಥದೇ ಒಂದು ಕಡೆ ಸೇರಿಸಿದರು. ಹೋಗಿ ನೋಡಿದರೆ ಅಂಗಡಿಯ ಮಹಡಿಯ ಮೇಲೆ ಎರಡು ಕೋಣೆ, ಮೂರು ಮಕ್ಕಳಿಗೆ ಒಂದು ಕಂಪ್ಯೂಟರ್. ಒಂದೇ ವರ್ಷದಲ್ಲಿ ಮೇಷ್ಟ್ರು ಮೂರು ಸಲ ಬದಲಾದರು. ಬಿಟ್ಟು ಬರುತ್ತೇನೆಂದರೆ, ಬಾಕಿ ಕಟ್ಟುವ ತನಕ ಅಸಲು ಅಂಕಪಟ್ಟಿ ಕೊಡುವುದಿಲ್ಲ ಎಂದರು. ದುಡ್ಡು ಹೋದದ್ದಕ್ಕಿಂತ, ಆ ಹುಡುಗ ಪೆನ್ಸಿಲ್ ಹಿಡಿಯುವುದನ್ನೇ ಬಿಟ್ಟನಲ್ಲ, ಅದು ಹೆಚ್ಚು ನೋವು.

ಹಾಗೆಂದು "ಚಿತ್ರ ಬರೆದರೆ ಹೊಟ್ಟೆ ತುಂಬತ್ತಾ?" ಎಂದು ಹುಡುಗಿಯ ಬಾಯಿ ಮುಚ್ಚಿಸಬಹುದೇ? ಅದೂ ತಪ್ಪು. ಅವಳು ತೋರಿಸಿದ ಫೋಟೋ ನೋಡಿದೆ. ಭೂಮಿ ಹುಣ್ಣಿಮೆಯ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳಿಯಲ್ಲಿ, ಪುಂಡಿ ನಾರಿನ ಕುಂಚದಿಂದ ಅಜ್ಜಿಯ ಜೊತೆ ಕೂತು ಬರೆದ ಚಿತ್ತಾರ. ಗೆರೆ ಒಂದಿಷ್ಟೂ ಅಲುಗಿಲ್ಲ! ಸೊರಬ, ಸಾಗರದ ದೀವರ ಮನೆಗಳ ಹೆಂಗಸರು ತಲೆತಲಾಂತರದಿಂದ ಗೋಡೆಯ ಮೇಲೆ ಬರೆದುಕೊಂಡು ಬಂದದ್ದು ಇದನ್ನೇ. ಸೊರಬದ ಗುಡಿಗಾರರ ಗಂಧದ ಕೆತ್ತನೆಗೆ ಹೆಸರಿದೆ. ನಮ್ಮ ತಾಲ್ಲೂಕಿನ ಬಳ್ಳಿಗಾವಿಯ ದಾಸೋಜ ಮತ್ತು ಅವನ ಮಗ ಚಾವಣ ಬೇಲೂರಿಗೆ ಹೋಗಿ, ಹನ್ನೆರಡನೆಯ ಶತಮಾನದ ಚೆನ್ನಕೇಶವ ದೇವಾಲಯದಲ್ಲಿ ಶಿಲ್ಪ ಕೆತ್ತಿ ಹೆಸರು ಬರೆದು ಬಂದವರು. ಕೈಕೆಲಸ ಕಲಿತು ಪರ ಊರಿಗೆ ಹೋಗಿ ಗೆದ್ದವರ ಸೀಮೆ ಇದು.

"ಅದೆಲ್ಲ ಸರಿ, ಈ ಡಿಸೈನ್ ಅಂದರೇನು?" ಎಂದು ಗೆಳತಿ ಕೇಳಿದಳು. ಎದುರಿಗಿದ್ದ ಚೊಂಬನ್ನೇ ತೋರಿಸಿದೆ. ನಮ್ಮ ಸರ್ಕಾರ ಕರೆಸಿದ್ದ ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು 1958ರಲ್ಲಿ ಒಂದು ವರದಿ ಕೊಟ್ಟರು. ಅವರು ಮೆಚ್ಚಿ ಬರೆದದ್ದು ನಾವು ದಿನಾ ಬೆಳಗುವ ಚೊಂಬನ್ನು! ಎಷ್ಟು ನೀರು ಹಿಡಿಯಬೇಕು, ಕೈಗೆ ಸೊಂಟಕ್ಕೆ ಹೇಗೆ ಕೂರಬೇಕು, ಸುರಿಯುವಾಗ ಧಾರೆ ಹೇಗೆ ಬೀಳಬೇಕು, ಒಳಗೆ ಕೈ ಹಾಕಿ ತೊಳೆಯಲು ಬರಬೇಕು ಎಂದು ಯೋಚಿಸಿ ಯೋಚಿಸಿ ತಲೆಮಾರುಗಳು ರೂಪಿಸಿದ ಪಾತ್ರೆ. ಅದೇ ವಿನ್ಯಾಸ. ಆ ವರದಿಯ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. ಸೀರೆಯ ಅಂಚು, ಉಪ್ಪಿನಕಾಯಿ ಪೊಟ್ಟಣದ ಚೀಟಿ, ಮಕ್ಕಳ ಪುಸ್ತಕದ ಚಿತ್ರ, ಟೀವಿಯ ಜಾಹೀರಾತು, ಇವನ್ನೆಲ್ಲ ಯಾರೋ ಕಲಿತವರೇ ಮಾಡಬೇಕಲ್ಲವೇ?

ಇನ್ನು ಕಾಲೇಜು ಚಿಕ್ಕದು, ಖಾಸಗಿಯದು ಎಂಬುದೇ ದೋಷವಲ್ಲ. ಆರ್.ಎಂ. ಹಡಪದರು ಬೆಂಗಳೂರಿನಲ್ಲಿ ಕಟ್ಟಿದ ಕೆನ್ ಕಲಾಶಾಲೆಯೂ ಖಾಸಗಿಯದೇ, ಚಿಕ್ಕದೇ. ಅಲ್ಲಿಂದ ಎಷ್ಟು ಜನ ಕಲಾವಿದರು ಬಂದರು! ಕಲಿಸುವವರು ಯಾರು, ಕೊಡುವ ಕಾಗದಕ್ಕೆ ಬೆಲೆ ಏನು, ಇದೇ ಮುಖ್ಯ. ಗೆಣಸು ಕೊಳ್ಳುವಾಗಲೂ ಮುರಿದು ನೋಡುವ ನಾವು ಮಕ್ಕಳ ಮೂರು ವರ್ಷ ಕೊಡುವಾಗ ಕೇಳಬಾರದೇ? ಹಪ್ಪಳ ಎತ್ತಿಟ್ಟು ಮೂವರೂ ಕೂತು ಒಂದು ಚೀಟಿ ಬರೆದೆವು. ನಿಮಗೂ ಉಪಯೋಗವಾದೀತು.

1. ಕೊಡುವುದು ಪದವಿಯೋ, ಬರೀ ಸರ್ಟಿಫಿಕೇಟೋ? 1956ರ ಯುಜಿಸಿ ಕಾನೂನಿನ ಪ್ರಕಾರ, ಪದವಿ ಕೊಡುವ ಹಕ್ಕು ವಿಶ್ವವಿದ್ಯಾಲಯಕ್ಕೆ ಮತ್ತು ಕಾನೂನು ಆ ಅಧಿಕಾರ ಕೊಟ್ಟ ಸಂಸ್ಥೆಗಳಿಗೆ ಮಾತ್ರ. ಯಾವ ವಿಶ್ವವಿದ್ಯಾಲಯಕ್ಕೆ ಸೇರಿದೆ ಎಂದು ಕೇಳಿ, ಆ ವಿಶ್ವವಿದ್ಯಾಲಯಕ್ಕೇ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ಸ್ವಂತ ಸರ್ಟಿಫಿಕೇಟ್ ಆದರೆ ಕೆಲಸ ಕಲಿಯಲು ಆಗಬಹುದು, ಪದವಿ ಕೇಳುವ ಕಡೆ ನಡೆಯುವುದಿಲ್ಲ.

2. ಹಿಂದಿನ ಎರಡು ವರ್ಷ ಕಲಿತು ಹೋದ ಐದು ಮಕ್ಕಳ ಜೊತೆ ಮಾತನಾಡಿಸುತ್ತೀರಾ? "ನೂರಕ್ಕೆ ನೂರು" ಎನ್ನುವವರಿಗೆ ಐವರನ್ನು ತೋರಿಸುವುದು ಕಷ್ಟವೇ?

3. ತರಗತಿ ನಡೆಯುವ ದಿನವೇ ಹೋಗಿ ನೋಡಿ. ಗೋಡೆಯ ಮೇಲಿನ ಚಿತ್ರ ಈಗಿನ ಮಕ್ಕಳದೋ, ಕಂಪ್ಯೂಟರ್ ಎಷ್ಟು ಜನಕ್ಕೆ ಒಂದು, ಹುಡುಗಿಯರ ಹಾಸ್ಟೆಲ್ ಎಲ್ಲಿ, ಸಂಜೆ ಬಸ್ಸು ಎಷ್ಟು ಹೊತ್ತಿಗೆ?

4. ಫೀಸಿನ ಹೊರಗೆ ಬಣ್ಣ, ಬಟ್ಟೆ, ಲ್ಯಾಪ್‌ಟಾಪ್, ಪ್ರವಾಸ ಎಂದು ಇನ್ನೇನೇನು? ಬಿಟ್ಟರೆ ಎಷ್ಟು ವಾಪಸು? ಎಲ್ಲ ಬರಹದಲ್ಲಿ ಬೇಕು. ಅಸಲು ಅಂಕಪಟ್ಟಿ ಒಪ್ಪಿಸಿ ಬರಬೇಡಿ. ಯುಜಿಸಿ ವ್ಯಾಪ್ತಿಯ ಕಾಲೇಜುಗಳು ಅಸಲು ಪ್ರಮಾಣಪತ್ರ ಇಟ್ಟುಕೊಳ್ಳಬಾರದು, ಆಯಾ ವರ್ಷದ ಅಥವಾ ಸೆಮಿಸ್ಟರಿನ ಫೀಸಿಗಿಂತ ಹೆಚ್ಚು ಮುಂಗಡ ಕೇಳಬಾರದು ಎಂದು 2018ರ ಅಧಿಸೂಚನೆಯೇ ಇದೆ. ಆ ವ್ಯಾಪ್ತಿಗೆ ಬಾರದ ಕಡೆ ಇನ್ನೂ ಹೆಚ್ಚು ಜಾಗ್ರತೆ.

5. ಬ್ಯಾಂಕಿನವರನ್ನು ಕೇಳಿ. ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 4 ಲಕ್ಷ ರೂಪಾಯಿಯವರೆಗೆ ಆಸ್ತಿ ಅಡಮಾನ ಬೇಡ. ಆದರೆ ಮಾನ್ಯತೆ ಇರುವ ಕೋರ್ಸಿಗೇ ಸಾಲ. "ಈ ಕಾಲೇಜಿಗೆ ಆಗಲ್ಲಮ್ಮ" ಎಂದು ಮ್ಯಾನೇಜರ್ ಹೇಳಿದರೆ ಯಾಕೆ ಎಂದು ಯೋಚಿಸಿ. ಬಳೆ ಬಿಚ್ಚುವ ಮೊದಲು ಬ್ಯಾಂಕಿನ ಮೆಟ್ಟಿಲು ಹತ್ತಬೇಕು.

ಬೇರೆ ದಾರಿಗಳನ್ನೂ ನೋಡಿದೆವು. ನಮಗೆ ಹತ್ತಿರದ ದಾವಣಗೆರೆಯಲ್ಲಿ ವಿಶ್ವವಿದ್ಯಾಲಯದ್ದೇ ದೃಶ್ಯಕಲಾ ಮಹಾವಿದ್ಯಾಲಯವಿದೆ. ಮೈಸೂರಿನಲ್ಲಿ ಸರ್ಕಾರದ ಚಾಮರಾಜೇಂದ್ರ ಅಕಾಡೆಮಿ, ಬೆಂಗಳೂರಿನಲ್ಲಿ ಚಿತ್ರಕಲಾ ಪರಿಷತ್ತು ಇವೆ. ಅಹಮದಾಬಾದಿನ ಸಂಸ್ಥೆಗಾಗಲಿ, 1997ರಿಂದ ಬೆಂಗಳೂರಿನಲ್ಲಿರುವ ನಿಫ್ಟ್‌ಗಾಗಲಿ ಪಿಯುಸಿಯಲ್ಲಿ ಯಾವ ವಿಷಯ ಓದಿದವರೂ ಪ್ರವೇಶ ಪರೀಕ್ಷೆ ಬರೆಯಬಹುದು. ಆದರೆ ಒಂದು ಮಾತು ನೆನಪಿಡಿ: ಆ ಪರೀಕ್ಷೆಗಳು ಸಾಮಾನ್ಯವಾಗಿ ಚಳಿಗಾಲದಲ್ಲೇ ನಡೆದುಹೋಗುತ್ತವೆ. ಎರಡನೇ ಪಿಯುಸಿಯ ದಸರೆಯ ಹೊತ್ತಿಗೇ ಅರ್ಜಿಯ ವಿಚಾರ ಮಾಡಬೇಕು. ಫಲಿತಾಂಶ ಬಂದ ಮೇಲೆ ಎಚ್ಚೆತ್ತರೆ ತಡ. ಆಗ ಉಳಿಯುವುದು "ಎರಡು ದಿನದಲ್ಲಿ ದುಡ್ಡು ಕಟ್ಟಿ" ಎನ್ನುವವರೇ!

ತಾಯಿ ಮಗಳು ಚೀಟಿ ಹಿಡಿದು ಆ ಖಾಸಗಿ ಕಾಲೇಜಿಗೂ ಹೋದರು, ದಾವಣಗೆರೆಗೂ ಹೋದರು. ಮರುವಾರ ಫೋನ್ ಬಂತು. ಖಾಸಗಿಯವರು ನಗುನಗುತ್ತಾ ಕಾಫಿ ಕೊಟ್ಟರಂತೆ. ಆದರೆ ಹಳೆಯ ವಿದ್ಯಾರ್ಥಿಗಳ ಹೆಸರೂ ಕೊಡಲಿಲ್ಲ, ವಾಪಸಾತಿಯ ಮಾತನ್ನು ಬರೆದೂ ಕೊಡಲಿಲ್ಲ. "ದೊಡ್ಡಮ್ಮಾ, ನಾನೇ ಅಮ್ಮನಿಗೆ ಬೇಡ ಅಂದೆ. ದಾವಣಗೆರೆಗೆ ಅರ್ಜಿ ಹಾಕಿದೀನಿ" ಎಂದಳು ಹುಡುಗಿ. ನಮ್ಮ ಮಾತಿಗಿಂತ ಅವಳ ಕಣ್ಣಿಗೆ ಕಂಡದ್ದೇ ಅವಳಿಗೆ ಪಾಠವಾಯಿತು.

"ಬಳೆ?" ಎಂದು ಗೆಳತಿಯನ್ನು ಕೇಳಿದೆ.

"ಕೈಯಲ್ಲೇ ಇದೆ ಕಣೇ. ಬೇಕಾದ ದಿನ ಬಿಚ್ಚೋಕೆ ನಂಗೇನೂ ಬೇಜಾರಿಲ್ಲ. ಯಾತಕ್ಕೆ ಬಿಚ್ತಿದೀನಿ ಅಂತ ಗೊತ್ತಿದ್ರೆ ಸಾಕು" ಎಂದಳು.

ನಿಮ್ಮ ಮನೆಯಲ್ಲೂ ಪುಸ್ತಕದ ಅಂಚಿನಲ್ಲಿ ಚಿತ್ರ ಗೀಚುವ ಮಗಳಿದ್ದರೆ ಗದರಬೇಡಿ. ಚೀಟಿ ಬರೆದುಕೊಂಡು, ಅವಳ ಜೊತೆ ನೀವೂ ಬಸ್ಸು ಹತ್ತಿ.