ವೀಸಾ ಅವರದು ಸರಿ, ನಿಮ್ಮದು ಯಾವುದು?

ಸಂಜೆ ಆಫೀಸಿನಿಂದ ಬಂದ ಮನೆಯವರು ಕಾಫಿ ಲೋಟ ಕೈಗೆತ್ತಿಕೊಳ್ಳುತ್ತಲೇ, "ನೋಡೇ, ಫಾರಿನ್‌ಗೆ ಹೋಗೋ ಚಾನ್ಸ್ ಬಂದಿದೆ, ಏನ್ ಹೇಳ್ತೀಯಾ?" ಅಂದರೆ ನಿಮಗೆ ಮೊದಲು ಏನು ನೆನಪಾಗುತ್ತೆ? ಮಕ್ಕಳ ಸ್ಕೂಲು, ಅತ್ತೆ-ಮಾವನ ಆರೋಗ್ಯ, ಅಲ್ಲಿಯ ಚಳಿ, ಸಾರಿನಪುಡಿ ಎಷ್ಟು ಒಯ್ಯಬೇಕು... ಹೌದಲ್ವಾ? "ಯಾವ ವೀಸಾ?" ಎಂದು ಕೇಳುವವರು ನಮ್ಮಲ್ಲಿ ಕಡಿಮೆ. ಅದು ಅವರ ಆಫೀಸಿನ ವ್ಯವಹಾರ ಅಂತ ಸುಮ್ಮನಾಗಿಬಿಡುತ್ತೇವೆ.

ಒಂದು ಸೀರೆ ಕೊಳ್ಳಬೇಕಾದರೆ ಸೆರಗು ಬಿಡಿಸಿ, ಅಂಚು ತಿರುವಿ, ನಾಲ್ಕು ಅಂಗಡಿ ಸುತ್ತುವವರು ನಾವು. ಹತ್ತಾರು ವರ್ಷದ ಬದುಕನ್ನು ನಿರ್ಧರಿಸುವ ಕಾಗದವನ್ನು ಮಾತ್ರ ತಿರುವಿ ನೋಡುವುದಿಲ್ಲ!

ನನ್ನ ಗೆಳತಿಯೊಬ್ಬಳು ಕಾಲೇಜಿನಲ್ಲಿ ಎಂಟು ವರ್ಷ ಪಾಠ ಮಾಡಿದವಳು. ಗಂಡನ ಜೊತೆ ಅಮೆರಿಕಕ್ಕೆ ಹೋದ ಮೇಲೇ ಅವಳಿಗೆ ಗೊತ್ತಾಗಿದ್ದು, ತನ್ನ ವೀಸಾದಲ್ಲಿ ಕೆಲಸ ಮಾಡುವ ಹಾಗಿಲ್ಲ ಅಂತ. "ಒಂದು ಪುಸ್ತಕ ಕೊಳ್ಳೋಕೂ ಅವರ ಕಾರ್ಡೇ ಕಣೆ" ಅಂದಿದ್ದಳು ಫೋನಿನಲ್ಲಿ. ಗಂಡ ಒಳ್ಳೆಯವರೇ. ತೊಂದರೆ ಇದ್ದದ್ದು ವೀಸಾದಲ್ಲಿ.

ಎಚ್-1ಬಿ: ಹೆಸರು ದೊಡ್ಡದು

ನಮ್ಮ ಬೆಂಗಳೂರಿನ ಐಟಿ ಮನೆಗಳಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರಿದು. ವರ್ಷಕ್ಕೆ 65,000, ಜೊತೆಗೆ ಅಮೆರಿಕದಲ್ಲೇ ಮಾಸ್ಟರ್ಸ್ ಓದಿದವರಿಗೆ 20,000. ಮೊದಲು ಮೂರು ವರ್ಷ, ವಿಸ್ತರಿಸಿದರೆ ಆರು. ಕಂಪನಿ ಬದಲಿಸಲು ಅವಕಾಶವುಂಟು.

ಆದರೆ ಹೆಂಡತಿಗೆ ಸಿಗುವುದು ಎಚ್-4. ಓದಬಹುದು, ದುಡಿಯುವಂತಿಲ್ಲ. 2015ರಲ್ಲಿ ಒಂದು ಸಡಿಲಿಕೆ ಬಂತು. ಗಂಡನ ಗ್ರೀನ್ ಕಾರ್ಡ್ ದಾರಿಯಲ್ಲಿ ಐ-140 ಎಂಬ ಹಂತ ಮಂಜೂರಾಗಿದ್ದರೆ ಹೆಂಡತಿ ಕೆಲಸದ ಪರವಾನಗಿಗೆ ಅರ್ಜಿ ಹಾಕಬಹುದು. ಇದನ್ನು ಪ್ರಶ್ನಿಸಿದ ಮೊಕದ್ದಮೆಯನ್ನು 2025ರ ಅಕ್ಟೋಬರ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕೈಗೆತ್ತಿಕೊಳ್ಳಲಿಲ್ಲ, ಸೌಲಭ್ಯ ಉಳಿಯಿತು. ಆದರೆ ಅದೇ ತಿಂಗಳ ಕೊನೆಗೆ ಇನ್ನೊಂದು ಪೆಟ್ಟು ಬಿತ್ತು: ಪರವಾನಗಿ ನವೀಕರಣದ ಅರ್ಜಿ ಹಾಕಿದವರಿಗೆ ತಾನಾಗಿಯೇ ಸಿಗುತ್ತಿದ್ದ ಹೆಚ್ಚುವರಿ ಅವಧಿಯನ್ನು ತೆಗೆದುಹಾಕಿದರು. ಕಾರ್ಡ್ ಸಮಯಕ್ಕೆ ಬರದಿದ್ದರೆ ಕೆಲಸ ನಿಲ್ಲಿಸಿ ಮನೆಯಲ್ಲಿ ಕೂರಬೇಕು.

ಇನ್ನು 2025ರ ಸೆಪ್ಟೆಂಬರ್‌ನ ಆದೇಶ ನೆನಪಿರಬಹುದು. ಹೊರದೇಶದಿಂದ ಹೊಸದಾಗಿ ಕರೆಸಿಕೊಳ್ಳುವ ಎಚ್-1ಬಿ ನೌಕರನ ಅರ್ಜಿಗೆ ಕಂಪನಿ ಒಂದು ಲಕ್ಷ ಡಾಲರ್ ಕಟ್ಟಬೇಕು ಎಂದರು ಅಧ್ಯಕ್ಷ ಟ್ರಂಪ್. ಡಿಸೆಂಬರ್ 15ರಿಂದ ಎಚ್-1ಬಿ ಜೊತೆಗೆ ಎಚ್-4 ಅರ್ಜಿದಾರರ ಸಾಮಾಜಿಕ ಜಾಲತಾಣದ ಖಾತೆಗಳ ತಪಾಸಣೆಯೂ ಶುರುವಾಯಿತು. ಅಂದರೆ ಪರಿಶೀಲನೆ ನಿಮಗೂ ಉಂಟು, ದುಡಿಯುವ ಹಕ್ಕು ಮಾತ್ರ ಅವರಿಗೆ!

ಗ್ರೀನ್ ಕಾರ್ಡ್ ಬಂದರೆ ಎಲ್ಲ ಸರಿಹೋಗುತ್ತೆ ಅನ್ನುತ್ತೀರಾ? ಯಾವುದೇ ಒಂದು ದೇಶದವರಿಗೆ ಶೇಕಡಾ 7ಕ್ಕಿಂತ ಹೆಚ್ಚು ಕೊಡಬಾರದೆಂಬ ನಿಯಮದಿಂದಾಗಿ ನಮ್ಮವರ ಸಾಲು ಬಲು ಉದ್ದ. 2025ರಲ್ಲಿ ಸರದಿ ಬಂದದ್ದು ಹೆಚ್ಚಾಗಿ 2013ರ ಆಸುಪಾಸಿನಲ್ಲಿ ಸಾಲಿಗೆ ಸೇರಿದ ಭಾರತೀಯರಿಗೆ. ಅಷ್ಟರಲ್ಲಿ ಮಕ್ಕಳಿಗೆ 21 ತುಂಬಿದರೆ ಅವರ ಎಚ್-4 ಮುಗಿಯುತ್ತದೆ.

ಎಲ್-1: ಹೆಸರು ಚಿಕ್ಕದು, ಅನುಕೂಲ ನಿಮಗೆ

ಇಲ್ಲಿನ ಕಂಪನಿ ತನ್ನದೇ ಅಮೆರಿಕದ ಕಚೇರಿಗೆ ವರ್ಗ ಮಾಡಿದರೆ ಸಿಗುವುದು ಎಲ್-1. ಅದಕ್ಕೆ ಲಾಟರಿ ಇಲ್ಲ. ಹಿಂದಿನ ಮೂರು ವರ್ಷದಲ್ಲಿ ಒಂದು ವರ್ಷವಾದರೂ ಹೊರದೇಶದಲ್ಲಿ ಅದೇ ಸಂಸ್ಥೆಯಲ್ಲಿ ದುಡಿದಿರಬೇಕು. ಮ್ಯಾನೇಜರುಗಳಿಗೆ ಏಳು ವರ್ಷ, ವಿಶೇಷ ತಜ್ಞರಿಗೆ ಐದು ವರ್ಷದ ಮಿತಿ. ಕಂಪನಿ ಬಿಟ್ಟರೆ ವೀಸಾ ಮುಗಿಯಿತು, ಇದು ಅದರ ದೊಡ್ಡ ಕೊರತೆ.

ಆದರೆ ಹೆಂಡತಿಯ ಎಲ್-2ರಲ್ಲಿ 2021ರ ನವೆಂಬರ್‌ನಿಂದ ಪ್ರತ್ಯೇಕ ಪರವಾನಗಿ ಇಲ್ಲದೆಯೇ ಕೆಲಸ ಮಾಡಬಹುದು. ಅಲ್ಲಿ ಇಳಿದ ಮೇಲೆ ಸಿಗುವ ಐ-94 ದಾಖಲೆಯಲ್ಲಿ ‘ಎಲ್-2ಎಸ್’ ಎಂದಿದೆಯೇ ಅಂತ ಮರೆಯದೆ ನೋಡಿ. ನಿಮ್ಮ ದುಡಿಯುವ ಹಕ್ಕಿಗೆ ಅದೇ ಸಾಕ್ಷಿ.

ಕೆನಡಾ, ಆಸ್ಟ್ರೇಲಿಯಾ: ನಿಮ್ಮ ಡಿಗ್ರಿಗೂ ಬೆಲೆ

ಕೆನಡಾದ ‘ಎಕ್ಸ್‌ಪ್ರೆಸ್ ಎಂಟ್ರಿ’ 2015ರಿಂದ ಇದೆ. ವಯಸ್ಸು, ಓದು, ಅನುಭವ, ಭಾಷೆಗೆ ಅಂಕ. ವಿಶೇಷವೇನೆಂದರೆ ನಿಮ್ಮ ಡಿಗ್ರಿಗೂ ಇಂಗ್ಲಿಷ್ ಪರೀಕ್ಷೆಗೂ ಅಂಕವುಂಟು! ಲೆಕ್ಕ ಹಾಕಿ ನೋಡಿದರೆ ಕೆಲವು ಮನೆಗಳಲ್ಲಿ ಹೆಂಡತಿಯೇ ಮುಖ್ಯ ಅರ್ಜಿದಾರಳಾಗುವುದು ಲಾಭ. ಆಸ್ಟ್ರೇಲಿಯಾದಲ್ಲೂ ಇಂಗ್ಲಿಷ್ ಬಲ್ಲ ಸಂಗಾತಿಗೆ ಅಂಕ ಸಿಗುತ್ತೆ, ಆದರೆ 45 ತುಂಬುವ ಮೊದಲೇ ಅರ್ಜಿಗೆ ಆಹ್ವಾನ ಬಂದಿರಬೇಕು.

ಇಲ್ಲಿ ಸಿಗುವುದು ಕಾಯಂ ವಾಸದ ಹಕ್ಕು, ಮನೆಯಲ್ಲಿ ಪ್ರತಿಯೊಬ್ಬರಿಗೂ ಅವರವರ ಹೆಸರಿನಲ್ಲೇ. ಗಂಡನ ಕೆಲಸ ಹೋದರೂ ನಿಮ್ಮದು ಉಳಿಯುತ್ತೆ. ಎಚ್-1ಬಿಯಲ್ಲಾದರೆ ಕೆಲಸ ಹೋದ ಮೇಲೆ ಇಡೀ ಸಂಸಾರಕ್ಕೆ ಇರುವುದು ಹೆಚ್ಚೆಂದರೆ 60 ದಿನ.

ಹಾಗಂತ ಎಲ್ಲ ಸುಸೂತ್ರ ಅಲ್ಲ. ಕೈಯಲ್ಲಿ ಕೆಲಸವಿಲ್ಲದೆ ಇಳಿದು, ತಂದ ದುಡ್ಡು ಕರಗುವುದನ್ನು ನೋಡುತ್ತಾ ಕೂರುವುದು ಸಣ್ಣ ಪರೀಕ್ಷೆಯಲ್ಲ. ಕಾಯಂ ವಾಸದ ಬದಲು ತಾತ್ಕಾಲಿಕ ಕೆಲಸದ ವೀಸಾದಲ್ಲಿ ಹೋಗುವುದಾದರೆ ಇನ್ನೂ ಹುಷಾರು. ಕೆನಡಾ 2025ರ ಜನವರಿಯಿಂದ ಅಂಥವರ ಸಂಗಾತಿಗಳಿಗೆ ಕೆಲಸದ ಪರವಾನಗಿಯನ್ನು ಆಯ್ದ ಉದ್ಯೋಗಗಳಿಗಷ್ಟೇ ಸೀಮಿತಗೊಳಿಸಿತು.

ಜರ್ಮನಿ: ಹಕ್ಕು ಬೇಗ, ಭಾಷೆ ಕಷ್ಟ

‘ಬ್ಲೂ ಕಾರ್ಡ್’ ಪಡೆದವರ ಹೆಂಡತಿ ಮೊದಲ ದಿನದಿಂದಲೇ ಕೆಲಸ ಮಾಡಬಹುದು. ಹೊರಡುವ ಮೊದಲು ಜರ್ಮನ್ ಪರೀಕ್ಷೆ ಪಾಸಾಗಬೇಕೆಂದೂ ಇಲ್ಲ. ಗಂಡನಿಗೆ ಭಾಷೆ ಚೆನ್ನಾಗಿ ಬಂದರೆ 21 ತಿಂಗಳು, ಅಲ್ಪಸ್ವಲ್ಪ ಬಂದರೆ 27 ತಿಂಗಳಿಗೇ ಕಾಯಂ ವಾಸ ಸಿಗಬಹುದು. ಆದರೆ ಕೆಲಸ ಮಾಡುವ ಹಕ್ಕು ಬೇರೆ, ಕೆಲಸ ಸಿಗುವುದು ಬೇರೆ. ಭಾಷೆ ಬಾರದೆ ಅಂಗಡಿ, ಆಸ್ಪತ್ರೆ, ಸ್ಕೂಲು ಎಲ್ಲೆಡೆ ಒದ್ದಾಟವೇ. 2024ರ ಜೂನ್‌ನಲ್ಲಿ ಬಂದ ‘ಆಪರ್ಚುನಿಟಿ ಕಾರ್ಡ್’ ಒಂದು ವರ್ಷ ಕೆಲಸ ಹುಡುಕಲು ಮಾತ್ರ. ಅದನ್ನು ನಂಬಿ ಮನೆ ಖಾಲಿ ಮಾಡಬೇಡಿ.

ಹೂಂ ಅನ್ನುವ ಮೊದಲು ಕೇಳಿ

* ನನ್ನ ವೀಸಾದ ಹೆಸರೇನು? ಅದರಲ್ಲಿ ಕೆಲಸ ಮಾಡಬಹುದಾ? ಇಲ್ಲ ಅಂದರೆ ಎಷ್ಟು ವರ್ಷ?

* ಎಚ್-1ಬಿ ಆದರೆ, ಗ್ರೀನ್ ಕಾರ್ಡ್ ಅರ್ಜಿಯನ್ನು ಯಾವಾಗ ಶುರುಮಾಡುತ್ತೇವೆಂದು ಕಂಪನಿ ಬರೆದುಕೊಡುತ್ತದಾ? ಅದೇ ಕಂಪನಿಯಲ್ಲಿ ಎಲ್-1 ಸಾಧ್ಯವಾ?

* ಅವರ ಕೆಲಸ ಹೋದರೆ, ಅಥವಾ (ಬೇಡವಪ್ಪಾ, ಆದರೂ ಕೇಳಿಕೊಳ್ಳಬೇಕು) ಸಂಸಾರ ಮುರಿದರೆ ನನಗೆ ಅಲ್ಲಿರಲು ಹಕ್ಕಿದೆಯಾ? ಎಚ್-4, ಎಲ್-2ಗಳಿಗೆ ವಿಚ್ಛೇದನವಾದರೆ ನೆಲೆಯಿಲ್ಲ.

* ಮಕ್ಕಳಿಗೆ 21 ತುಂಬುವುದು ಯಾವಾಗ?

* ಏಜೆಂಟ್ ಹೇಳಿದ್ದನ್ನು ಆಯಾ ದೇಶದ ಸರ್ಕಾರಿ ವೆಬ್‌ಸೈಟಿನಲ್ಲಿ ನೀವೇ ಓದಿ ನೋಡಿದ್ದೀರಾ? ನಿಯಮ ಯಾವಾಗ ಬೇಕಾದರೂ ಬದಲಾಗುತ್ತೆ.

ಮಕ್ಕಳು ಚಿಕ್ಕವರು, ಎರಡು-ಮೂರು ವರ್ಷ ಇದ್ದು ಬರುತ್ತೇವೆ ಅನ್ನುವವರಿಗೆ ಎಚ್-4 ಕೂಡ ನಡೆದೀತು. ಬೇಕಿದ್ದರೆ ಆ ಸಮಯದಲ್ಲಿ ಓದು ಮುಂದುವರಿಸಬಹುದು. ಆದರೆ ಅಲ್ಲೇ ನೆಲೆಸುವ ಯೋಚನೆ ಇದ್ದರೆ, ಸಂಬಳ ನಾಲ್ಕು ಕಾಸು ಕಡಿಮೆಯಾದರೂ ಪರವಾಗಿಲ್ಲ, ನಿಮ್ಮ ಹೆಸರಿನಲ್ಲೂ ಹಕ್ಕು ಕೊಡುವ ದಾರಿಯೇ ಮೇಲು.

ಇದನ್ನು ಕೇಳುವುದು ಗಂಡನ ಮೇಲಿನ ಅಪನಂಬಿಕೆಯಲ್ಲ. ದೂರದ ಬೆಟ್ಟ ನುಣ್ಣಗೆ ಕಾಣುತ್ತೆ, ಹತ್ತುವವರು ಇಬ್ಬರು. ದಾರಿಯನ್ನೂ ಇಬ್ಬರೇ ಕೂತು ಆರಿಸಿಕೊಳ್ಳಿ. ಇವತ್ತು ಸಂಜೆಯ ಕಾಫಿಯ ಹೊತ್ತಿಗೇ ಮಾತು ಶುರುವಾಗಲಿ!